ಅಗ್ಗದ ಇಂಜಿನ್‌ಗೆ ಬ್ಲೇಡ್ ಹಾಕಿದ ಕಥೆ

ನನ್ನ ಹತ್ತಿರ ಎರಡು ಮಾಡೆಲ್ ಡೀಸೆಲ್ ರೈಲು ಇಂಜಿನ್‌ಗಳಿವೆ. ಒಂದು ದುಬಾರಿ. ಅದರ ಪೆಟ್ಟಿಗೆ ತೆರೆದು, ಹಳಿಯ ಮೇಲೆ ಎರಡು ಸುತ್ತು ಓಡಿಸಿ, ಉಸಿರು ಬಿಗಿಹಿಡಿದು ಮತ್ತೆ ಸ್ಪಂಜಿನ ಗೂಡಿಗೆ ಸೇರಿಸಿಬಿಡುತ್ತೇನೆ. ಅದರ ಕೈಗಂಬಿಗಳು ಎಷ್ಟು ತೆಳ್ಳಗಿವೆ ಅಂದರೆ ಎಲ್ಲಿ ಹಿಡಿದು ಎತ್ತಬೇಕು ಅಂತಲೇ ತಿಳಿಯುವುದಿಲ್ಲ. ಇನ್ನೊಂದು ಯಾರೋ ಓಡಿಸಿ ಬಿಟ್ಟ ಹಳೇ ಇಂಜಿನ್. ದುಬಾರಿಯದರ ಕಾಲು ಭಾಗದಷ್ಟೂ ಬೆಲೆ ಇರಲಿಲ್ಲ. ಕಳೆದ ಏಳೆಂಟು ತಿಂಗಳು ಅದು ನನ್ನ ಮೇಜು ಬಿಟ್ಟು ಕದಲಿಲ್ಲ. ಅದರ ಮೈ ಕೆತ್ತಿದ್ದೇನೆ, ತೂತು ಕೊರೆದಿದ್ದೇನೆ, ಬಣ್ಣ ಬಳಿದು ಕಿತ್ತು ಮತ್ತೆ ಬಳಿದಿದ್ದೇನೆ. ನಿಜ ಹೇಳಬೇಕೆಂದರೆ ಡೀಸೆಲ್ ಇಂಜಿನ್ ಅಂದರೇನು ಅಂತ ನನಗೆ ಗೊತ್ತಾಗಿದ್ದೇ ಈ ಎರಡನೆಯದರಿಂದ. ಮೊದಲನೆಯದನ್ನು ಮುಟ್ಟುವ ಧೈರ್ಯವೇ ನನಗಿಲ್ಲ, ಇನ್ನು ಕಲಿಯುವುದೆಲ್ಲಿ ಬಂತು?

ಅಗ್ಗದ ಇಂಜಿನ್ ಆರಿಸುವಾಗ ನಾನು ಮೊದಲು ಮಾಡುತ್ತಿದ್ದ ತಪ್ಪು ಒಂದೇ. ಬಣ್ಣ ನೋಡಿ ಮರುಳಾಗುತ್ತಿದ್ದೆ. ಬಣ್ಣ ಚೆನ್ನಾಗಿದೆ, ಅಕ್ಷರ ಚೊಕ್ಕವಾಗಿದೆ, ತಗೊಂಡುಬಿಡೋಣ ಅಂತ. ಈಗ ಬಣ್ಣವನ್ನು ಕೊನೆಗೆ ನೋಡುತ್ತೇನೆ. ಬಣ್ಣ ಬದಲಾಯಿಸಬಹುದು. ದಪ್ಪ ಕಂಬಿ ಕಿತ್ತು ತೆಳ್ಳನೆಯದು ಹಾಕಬಹುದು. ಇಲ್ಲದ ಹಾರ್ನ್ ಅಂಟಿಸಬಹುದು. ಆದರೆ ಮೈಯ ಆಕಾರವೇ ತಪ್ಪಿದ್ದರೆ ಏನು ಮಾಡಿದರೂ ಅದು ಸರಿಹೋಗುವುದಿಲ್ಲ. ಹಳೆಯ ಕೆಲವು ಮಾಡೆಲ್‌ಗಳಲ್ಲಿ ಒಳಗಿನ ಮೋಟಾರು ಹಿಡಿಯಲಿ ಅಂತ ಹುಡ್ಡನ್ನೇ, ಅಂದರೆ ಇಂಜಿನ್ ಮೇಲಿನ ಉದ್ದ ಪೆಟ್ಟಿಗೆಯನ್ನೇ, ಅಳತೆಗಿಂತ ಅಗಲ ಮಾಡಿರುತ್ತಾರೆ. ಒಂದನ್ನೇ ನೋಡಿದರೆ ಗೊತ್ತಾಗದು. ಅಳತೆ ಸರಿಯಿರುವ ಇನ್ನೊಂದನ್ನು ಪಕ್ಕಕ್ಕೆ ನಿಲ್ಲಿಸಿ ನೋಡಿ, ಊಟ ಜಾಸ್ತಿಯಾದವರ ಹಾಗೆ ಕಾಣುತ್ತದೆ.

ಅದಕ್ಕೇ ಇಂಜಿನ್ ಕೊಳ್ಳಲು ಹೋಗುವಾಗ ಒಂದು ಸ್ಕೇಲು ಜೇಬಿನಲ್ಲಿರುತ್ತದೆ. ನನ್ನ ಮಾಡೆಲ್‌ಗಳು ಎಚ್‌ಒ ಅನ್ನುವ ಅಳತೆಯವು, ಅಂದರೆ ನಿಜವಾದದ್ದರ 87ರಲ್ಲಿ ಒಂದು ಪಾಲು. ನನ್ನ ಇಂಜಿನ್ ಅಮೆರಿಕದ ಜಿಪಿ38-2 ಮಾದರಿಯದು. ನಿಜವಾದದ್ದರ ಉದ್ದ 59 ಅಡಿ 2 ಇಂಚು, ಹತ್ತಿರಹತ್ತಿರ 18 ಮೀಟರ್. 87ರಿಂದ ಭಾಗಿಸಿದರೆ ಸುಮಾರು 207 ಮಿಲಿಮೀಟರ್. ಕೊಂಡಿಯಿಂದ ಕೊಂಡಿಗೆ ಅಳೆದಾಗ ಒಂದೆರಡು ಮಿಲಿಮೀಟರ್ ಆಚೀಚೆ ಇದ್ದರೆ ಪರವಾಗಿಲ್ಲ. ಹತ್ತು ಮಿಲಿಮೀಟರ್ ಜಾಸ್ತಿಯಿದ್ದರೆ ಯಾವುದೋ ಬೇರೆ ಇಂಜಿನ್‌ನ ಅಡಿಭಾಗದ ಮೇಲೆ ಈ ಮೈ ಕೂರಿಸಿದ್ದಾರೆ ಅಂತ ಅನುಮಾನ ಪಡಬಹುದು.

ಆಕಾರ ಆದಮೇಲೆ ಓಟ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ನಾನು ಪೆಟ್ಟು ತಿಂದಿದ್ದು ಇಲ್ಲೇ.

ಅಗ್ಗದ ಇಂಜಿನ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ಚಪ್ಪಟೆ ಮೋಟಾರು ಒಂದೇ ಬೋಗಿಯ ಮೇಲೆ ಕೂತಿರುತ್ತದೆ. (ಬೋಗಿ ಅಂದರೆ ನಾವು ಪ್ರಯಾಣಿಕರ ಡಬ್ಬಿ ಅಂದುಕೊಳ್ಳುತ್ತೇವೆ. ರೈಲಿನವರ ಲೆಕ್ಕದಲ್ಲಿ ಅದು ಡಬ್ಬಿಯ ಕೆಳಗೆ ಚಕ್ರಗಳನ್ನು ಹಿಡಿದಿರುವ ಚೌಕಟ್ಟು. ಇಲ್ಲಿ ಆ ಅರ್ಥದಲ್ಲೇ ಬಳಸುತ್ತೇನೆ.) ಆ ಒಂದು ಬೋಗಿಯೇ ಎಳೆಯಬೇಕು, ಇನ್ನೊಂದು ಸುಮ್ನೆ ಉರುಳುತ್ತದೆ. ಜಾರಬಾರದು ಅಂತ ಚಕ್ರಕ್ಕೆ ರಬ್ಬರ್ ಬಳೆ ತೊಡಿಸಿರುತ್ತಾರೆ. ರಬ್ಬರ್ ಇರುವ ಚಕ್ರ ಹಳಿಯಿಂದ ಕರೆಂಟ್ ತಗೊಳ್ಳುವುದಿಲ್ಲ, ಆದ್ದರಿಂದ ಒಂದೊಂದು ಕವಲು ಹಳಿ ದಾಟುವಾಗಲೂ ಇಂಜಿನ್ ತಡವರಿಸುತ್ತದೆ. ಇನ್ನೊಂದು ಜಾತಿಯಲ್ಲಿ ಮೋಟಾರು ನಡುವೆ ಇರುತ್ತದೆ, ಎರಡೂ ಕಡೆ ಓಟ ಸಮನಾಗಿರಲು ಭಾರದ ಗಾಲಿ (ಫ್ಲೈವೀಲ್), ಅಲ್ಲಿಂದ ಶಾಫ್ಟ್ ಹೋಗಿ ಎರಡೂ ಬೋಗಿಗಳನ್ನು ತಿರುಗಿಸುತ್ತದೆ. ಎಲ್ಲ ಚಕ್ರವೂ ಎಳೆಯುತ್ತದೆ, ಎಲ್ಲ ಚಕ್ರವೂ ಕರೆಂಟ್ ಹಿಡಿಯುತ್ತದೆ. ಮೈ ಎಷ್ಟೇ ಒರಟಾಗಿರಲಿ, ಒಳಗೆ ಈ ಎರಡನೇ ಜಾತಿಯ ಯಂತ್ರವಿದ್ದರೆ ನಾನು ಅದನ್ನೇ ಕೊಳ್ಳುತ್ತೇನೆ.

ಓಡಿಸಿ ನೋಡುವಾಗ ಎಲ್ಲರೂ ಜೋರಾಗಿ ಓಡಿಸುತ್ತಾರೆ. ಜೋರಾಗಿ ಓಡುವಾಗ ಯಾವ ಇಂಜಿನ್ನೂ ಚೆನ್ನಾಗಿಯೇ ಕಾಣುತ್ತದೆ. ನಿಧಾನ ಓಡಿಸಬೇಕು. ನಿಜವಾದ ಇಂಜಿನ್ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹೋದರೆ, ಅದೇ ಅಳತೆಯಲ್ಲಿ ಮಾಡೆಲ್ ಸೆಕೆಂಡಿಗೆ 32 ಮಿಲಿಮೀಟರ್ ಮಾತ್ರ ಸರಿಯಬೇಕು. ಅಂದರೆ ನನ್ನ ಇಂಜಿನ್‌ಗೆ ತನ್ನದೇ ಉದ್ದ ದಾಟಲು ಆರೂವರೆ ಸೆಕೆಂಡು ಬೇಕು. ಹಳಿಯ ಪಕ್ಕ ಎರಡು ಗುರುತು ಹಾಕಿ, ಆರೂವರೆ ಎಣಿಸಿ. ಆ ವೇಗದಲ್ಲಿ ನಿಲ್ಲದೆ, ಜಿಗಿಯದೆ ಹೋಯಿತು ಅಂದರೆ ಅದಕ್ಕೆ ಕೈ ಹಾಕಬಹುದು.

ನಾನು ಹೀಗೆ ಎಣಿಸದೆ ಒಂದನ್ನು ತಂದಿದ್ದೆ. ನಿಧಾನಕ್ಕೆ ಓಡಿಸಿದಾಗ ಟಕ್, ಟಕ್, ಟಕ್ ಅಂತ ಒಂದೇ ಅಂತರದಲ್ಲಿ ಸದ್ದು. ಮಾರಿದವರು ‘ಸ್ವಲ್ಪ ಓಡಿದರೆ ಸರಿಹೋಗುತ್ತದೆ’ ಅಂದಿದ್ದರು. ನಾನೂ ನಂಬಿ ಒಂದು ವಾರ ಓಡಿಸಿದೆ. ಸರಿಹೋಗಲಿಲ್ಲ. ಬೋಗಿ ಬಿಚ್ಚಿ ನೋಡಿದರೆ ಚಕ್ರದ ಅಚ್ಚಿಗೆ ಬಿಗಿಯಾಗಿ ಕೂರಿಸಿದ ಪ್ಲಾಸ್ಟಿಕ್ ಗೇರು ಉದ್ದಕ್ಕೆ ಸೀಳಿತ್ತು. ಲೋಹದ ಅಚ್ಚು ಕುಗ್ಗುವುದಿಲ್ಲ, ಪ್ಲಾಸ್ಟಿಕ್ ವರ್ಷಗಳಲ್ಲಿ ಕುಗ್ಗುತ್ತದೆ, ಒಂದು ದಿನ ಪಟ್ ಅನ್ನುತ್ತದೆ. ಸೀಳಿದ ಜಾಗದಲ್ಲಿ ಎರಡು ಹಲ್ಲುಗಳ ನಡುವೆ ಅಂತರ ಜಾಸ್ತಿಯಾಗಿ, ಚಕ್ರ ಒಂದು ಸುತ್ತು ಬಂದಾಗಲೆಲ್ಲ ಒಂದು ಟಕ್. ಅಂಟಿನಿಂದ ಇದು ನಿಲ್ಲುವುದಿಲ್ಲ, ನಾನು ಮೂರು ಸಲ ಪ್ರಯತ್ನಿಸಿ ಕೈಬಿಟ್ಟೆ. ಹೊಸ ಗೇರೇ ಬೇಕು. ಬಿಡಿ ಗೇರು ಸಿಗುವ ಮಾದರಿಯಾದರೆ ಇದು ಅರ್ಧ ಗಂಟೆಯ ಕೆಲಸ, ಹಾಗಾಗಿ ಈಗ ಟಕ್ ಸದ್ದು ಕೇಳಿದರೆ ನನಗೆ ಖುಷಿಯೇ. ಬೆಲೆ ಇಳಿಸಿ ಕೇಳಬಹುದಲ್ವಾ!

ಈಗ ಮೇಜಿನ ಮೇಲಿರುವುದು ಸದ್ದಿಲ್ಲದ್ದು. ಎಂಟು ಚಕ್ರವೂ ಎಳೆಯುತ್ತವೆ, ಮೈ ಅಳತೆ ಸರಿಯಿದೆ, ಉಳಿದಿದ್ದೆಲ್ಲ ಒರಟು. ನನಗೆ ಬೇಕಾದದ್ದೂ ಅದೇ.

ಕೆಲಸ ಶುರುಮಾಡುವ ಮೊದಲು ನಿಜವಾದ ಇಂಜಿನ್‌ನ ಫೋಟೋಗಳನ್ನು ನೋಡುತ್ತಾ ಕೂತೆ. ಮೊದಲ ದಿನ ಎಲ್ಲ ಡೀಸೆಲ್ ಇಂಜಿನ್‌ಗಳೂ ಒಂದೇ ಥರ ಕಂಡವು. ಚೌಕಟ್ಟಿನ ಮೇಲೊಂದು ಪೆಟ್ಟಿಗೆ, ಒಂದು ತುದಿಗೆ ಡ್ರೈವರ್ ಕ್ಯಾಬಿನ್. ಆಮೇಲೆ ಮೇಲಿನಿಂದ ತೆಗೆದ ಒಂದು ಫೋಟೋ ಸಿಕ್ಕಿತು. ಅಲ್ಲಿಂದ ನನ್ನ ಕಣ್ಣು ಬದಲಾಯಿತು. ಇಂಜಿನ್‌ನ ಜಾತಕ ಇರುವುದು ಚಾವಣಿಯ ಮೇಲೆ.

ಜಿಪಿ38-2 ಮತ್ತು ಜಿಪಿ40-2 ಎರಡೂ ಇಎಂಡಿ ಕಂಪನಿಯ ಇಂಜಿನ್‌ಗಳು, ಎರಡೂ 1972ರಲ್ಲಿ ಬಂದವು, ಎರಡಕ್ಕೂ ಉದ್ದ ಒಂದೇ, ಒಳಗಿರುವುದೂ ಒಂದೇ ಕುಟುಂಬದ 16 ಸಿಲಿಂಡರಿನ 645 ಯಂತ್ರ. 645 ಅಂದರೆ ಒಂದು ಸಿಲಿಂಡರಿನ ಗಾತ್ರ, ಘನ ಇಂಚುಗಳಲ್ಲಿ. ನಮ್ಮ ಲೆಕ್ಕದಲ್ಲಿ ಒಂದು ಸಿಲಿಂಡರಿಗೆ ಹತ್ತೂವರೆ ಲೀಟರ್! ವ್ಯತ್ಯಾಸ ಏನೆಂದರೆ ಜಿಪಿ38-2ರಲ್ಲಿ ಟರ್ಬೊ (ಹೊರಹೋಗುವ ಹೊಗೆಯ ಬಲದಿಂದ ಸಿಲಿಂಡರಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲ, ಶಕ್ತಿ 2000 ಅಶ್ವಶಕ್ತಿ. ಜಿಪಿ40-2ರಲ್ಲಿ ಟರ್ಬೊ ಇದೆ, 3000. ಟರ್ಬೊ ಇದ್ದರೆ ಹೊಗೆಯೆಲ್ಲ ಅದರ ಮೂಲಕ ಹಾದು ಒಂದೇ ದೊಡ್ಡ ಕೊಳವೆಯಲ್ಲಿ ಹೊರಬೀಳುತ್ತದೆ. ಇಲ್ಲದಿದ್ದರೆ ಎರಡು ಕೊಳವೆ. ಶಕ್ತಿ ಜಾಸ್ತಿಯಾದರೆ ಬಿಸಿಯೂ ಜಾಸ್ತಿ, ಆದ್ದರಿಂದ ಜಿಪಿ40-2ರ ಹಿಂತುದಿಯಲ್ಲಿ ರೇಡಿಯೇಟರಿಗೆ ಮೂರು ದೊಡ್ಡ ಫ್ಯಾನು, ಜಿಪಿ38-2ಕ್ಕೆ ಎರಡೇ. ಹೊಗೆ ಕೊಳವೆ ಎಣಿಸಿ, ಹಿಂದಿನ ಫ್ಯಾನ್ ಎಣಿಸಿ, ಒಳಗೆ ಏನಿದೆ ಅಂತ ಹೇಳಬಹುದು. ಅಷ್ಟು ದಿನ ನನಗೆ ಇವು ಚಾವಣಿಯ ಮೇಲಿನ ಅಲಂಕಾರ ಅನ್ನಿಸುತ್ತಿತ್ತು.

‘ಹಿಂದಿನ ಫ್ಯಾನ್’ ಅಂತ ಹೇಳಿದ್ದಕ್ಕೆ ಕಾರಣವಿದೆ. ಚಾವಣಿಯ ನಡುವೆ ಇನ್ನೊಂದು ಫ್ಯಾನ್ ಇರಬಹುದು. ಅದು ರೇಡಿಯೇಟರಿನದಲ್ಲ, ಡೈನಾಮಿಕ್ ಬ್ರೇಕಿನದು. ಇಂಥ ಇಂಜಿನ್‌ನಲ್ಲಿ ಡೀಸೆಲ್ ಯಂತ್ರ ಕರೆಂಟ್ ಹುಟ್ಟಿಸುತ್ತದೆ, ಚಕ್ರ ತಿರುಗಿಸುವುದು ಕರೆಂಟಿನ ಮೋಟಾರುಗಳು. ಇಳಿಜಾರಿನಲ್ಲಿ ಆ ಮೋಟಾರುಗಳನ್ನೇ ಜನರೇಟರ್ ಮಾಡಿಬಿಡುತ್ತಾರೆ. ಗಾಡಿ ಓಡುತ್ತಲೇ ಕರೆಂಟ್ ಹುಟ್ಟಿಸುತ್ತದೆ, ಆ ಕೆಲಸವೇ ಗಾಡಿಯನ್ನು ಹಿಡಿದು ನಿಧಾನ ಮಾಡುತ್ತದೆ. ಹುಟ್ಟಿದ ಕರೆಂಟ್ ಎಲ್ಲಿಗೆ ಹೋಗಬೇಕು? ಹುಡ್ಡಿನ ಮೇಲ್ಭಾಗದಲ್ಲಿರುವ ದೊಡ್ಡ ರೆಸಿಸ್ಟರ್‌ಗಳಿಗೆ. ಅಲ್ಲಿ ಕಾದು ಬಿಸಿಯಾಗಿ, ಫ್ಯಾನಿನ ಗಾಳಿಯಲ್ಲಿ ಮೇಲೆ ಹೋಗುತ್ತದೆ. ಇದಕ್ಕಾಗಿ ಹುಡ್ಡಿನ ನಡುಭಾಗ ಸ್ವಲ್ಪ ಉಬ್ಬಿರುತ್ತದೆ, ಪಕ್ಕಕ್ಕೆ ಗಾಳಿ ಎಳೆಯುವ ಜಾಲರಿ ಇರುತ್ತದೆ. ನನ್ನ ಅಗ್ಗದ ಮೈಯಲ್ಲಿ ಈ ಉಬ್ಬು, ಫ್ಯಾನು, ಜಾಲರಿ ಎಲ್ಲ ಒಂದೇ ಅಚ್ಚಿನಲ್ಲಿ ಮೂಡಿದ್ದವು. ಇದನ್ನು ನೆನಪಿಟ್ಟುಕೊಂಡಿರಿ, ಮುಂದೆ ನನ್ನ ಮಾನ ಕಳೆದಿದ್ದು ಇದೇ ಉಬ್ಬು.

ಮೊದಲ ಬ್ಲೇಡು ಬಿದ್ದಿದ್ದು ಕೈಹಿಡಿಗಳಿಗೆ. ಮೂತಿಯ ಮೇಲೆ, ಹುಡ್ಡಿನ ಕೊನೆಯಲ್ಲಿ ಕೆಲಸಗಾರರು ಹತ್ತಲು ಇರುವ ಸಣ್ಣ ಕಬ್ಬಿಣದ ಹಿಡಿಗಳು. ಅಗ್ಗದ ಮಾಡೆಲ್‌ನಲ್ಲಿ ಅವು ಪ್ಲಾಸ್ಟಿಕ್ಕಿನ ಉಬ್ಬುಗೆರೆಗಳು ಅಷ್ಟೇ, ಹಿಂದೆ ಬೆರಳು ತೂರುವ ಜಾಗ ಇರುವುದಿಲ್ಲ. ಉಳಿಯ ಹಾಗೆ ನೇರ ಬಾಯಿರುವ ಬ್ಲೇಡಿನಿಂದ ಒಂದೊಂದನ್ನೇ ಕೆತ್ತಿ ತೆಗೆದು, ಸೂಜಿಯಿಂದ ಚುಕ್ಕೆ ಚುಚ್ಚಿ, ಕೈಯಲ್ಲಿ ತಿರುಗಿಸುವ ಪುಟ್ಟ ಡ್ರಿಲ್ಲಿನಲ್ಲಿ 0.35 ಮಿಲಿಮೀಟರಿನ ತೂತು ಕೊರೆದು, 0.3 ಮಿಲಿಮೀಟರಿನ ತಂತಿ ಬಗ್ಗಿಸಿ ತೂರಿಸಬೇಕು. ಸೂಜಿಯ ಚುಕ್ಕೆ ಇಲ್ಲದಿದ್ದರೆ ಡ್ರಿಲ್ಲಿನ ಬಿಟ್, ಅಂದರೆ ಕೊರೆಯುವ ಮೊನೆ, ಜಾರುತ್ತದೆ. ಅವಸರ ಮಾಡಿದರೆ ಮುರಿಯುತ್ತದೆ. ಮೊದಲ ವಾರ ನಾಲ್ಕು ಬಿಟ್ ಮುರಿದೆ. ಆ ನಾಲ್ಕರಲ್ಲಿ ಒಂದರ ತುದಿ ಇನ್ನೂ ಇಂಜಿನ್‌ನ ಮೂತಿಯೊಳಗೇ ಇದೆ.

ಕೈಗಂಬಿಗಳದ್ದು ಬೇರೆ ಕಥೆ. ಇಂಜಿನ್ ಜೊತೆ ಬಂದಿದ್ದ ಪ್ಲಾಸ್ಟಿಕ್ ಕಂಬಿ 0.8 ಮಿಲಿಮೀಟರ್ ದಪ್ಪ ಇತ್ತು. ಕೇಳುವುದಕ್ಕೆ ತೆಳುವೇ. 87ರಿಂದ ಗುಣಿಸಿ ನೋಡಿ, 7 ಸೆಂಟಿಮೀಟರ್ ಆಗುತ್ತದೆ. ಅಷ್ಟು ದಪ್ಪದ ಕಂಬಿಯನ್ನು ಯಾವ ಡ್ರೈವರಿನ ಮುಷ್ಟಿಯೂ ಹಿಡಿಯಲಾರದು, ಮೋರಿಯ ಪೈಪಿನ ಹಾಗಿರುತ್ತದೆ! ನಿಜವಾದದ್ದು ಸುಮಾರು 3 ಸೆಂಟಿಮೀಟರ್, ಅಂದರೆ ಮಾಡೆಲ್‌ನಲ್ಲಿ 0.35 ಅಥವಾ 0.4ರ ತಂತಿ. ನಿಂತ ಕಂಬಗಳನ್ನು ಹಾಗೇ ಉಳಿಸಿಕೊಂಡು, ಅಡ್ಡಕಂಬಿಯನ್ನು ಮಾತ್ರ ಕತ್ತರಿಸಿ ಹಿತ್ತಾಳೆ ತಂತಿ ಹಾಕಿದೆ. ಹಿತ್ತಾಳೆ ಬೇಗ ಬಗ್ಗುತ್ತದೆ, ಒಂದು ಸಲ ತಪ್ಪಾಗಿ ಬಗ್ಗಿದರೆ ಆ ಮಡಿಕೆ ಹೋಗುವುದೇ ಇಲ್ಲ. ಫಾಸ್ಫರ್ ಬ್ರಾಂಜ್ ತಂತಿ ಸ್ಪ್ರಿಂಗಿನ ಹಾಗೆ ಮತ್ತೆ ನೇರವಾಗುತ್ತದೆ. ಇದು ನನಗೆ ಗೊತ್ತಾಗುವ ಹೊತ್ತಿಗೆ ಎಡಗಡೆ ಪೂರ್ತಿ ಹಿತ್ತಾಳೆಯಲ್ಲಿ ಮುಗಿದಿತ್ತು. ಬಲಗಡೆ ಬ್ರಾಂಜ್. ಬಣ್ಣ ಬಳಿದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ, ಎಡಗಡೆಯದು ಸ್ವಲ್ಪ ವಾಲಿದೆ ಅನ್ನುವುದು ಬಿಟ್ಟರೆ.

ಕೊಂಡಿಗಳನ್ನು ಮೊದಲೇ ಬದಲಿಸಿಬಿಡಿ. ಹಳೆಯ ಅಗ್ಗದ ಇಂಜಿನ್‌ಗಳ ಪ್ಲಾಸ್ಟಿಕ್ ಕೊಂಡಿ ನಿಜವಾದ ಯಾವ ಕೊಂಡಿಯನ್ನೂ ಹೋಲುವುದಿಲ್ಲ. ಕೇಡೀ ಅನ್ನುವ ಕಂಪನಿಯ 5ನೇ ನಂಬರಿನ ಲೋಹದ ಕೊಂಡಿ ಬಹಳ ಮಂದಿ ಬಳಸುವುದು. ಹೆಸರು ಕೇಳಿ ನಗಬೇಡಿ. ಕೀತ್, ಡೇಲ್ ಅನ್ನುವ ಇಬ್ಬರು ಸಹೋದರರ ಹೆಸರಿನ ಮೊದಲ ಅಕ್ಷರಗಳಿಂದ ಬಂದಿದ್ದು ಅದು, ನಮ್ಮ ಕೇಡಿಗೂ ಅದಕ್ಕೂ ಸಂಬಂಧವಿಲ್ಲ.

ಕಿಟಕಿ ಗಾಜಿನ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ. ಸೂಪರ್ ಗ್ಲೂ ಹತ್ತಿರಕ್ಕೂ ತರಬೇಡಿ. ನಾನು ತಂದೆ. ಗಾಜು ಚೆನ್ನಾಗಿಯೇ ಕೂತಿತು. ಬೆಳಿಗ್ಗೆ ಎದ್ದು ನೋಡಿದರೆ ಕ್ಯಾಬಿನ್ ಒಳಗೆಲ್ಲ ಬಿಳಿ ಮಂಜು. ಆ ಅಂಟಿನ ಆವಿ ಮುಚ್ಚಿದ ಜಾಗದಲ್ಲಿ ಹರಡಿ ಕೂತು ಗಟ್ಟಿಯಾಗುತ್ತದೆ, ಅದರಲ್ಲೂ ಬೆರಳು ಮುಟ್ಟಿದ ಕಡೆ ಜಾಸ್ತಿ. ಪೊಲೀಸರು ಬೆರಳಚ್ಚು ಎದ್ದು ಕಾಣುವಂತೆ ಮಾಡಲು ಬಳಸುವುದೂ ಇದೇ ಆವಿಯನ್ನೇ. ನನ್ನ ಹೆಬ್ಬೆರಳಿನ ಗುರುತು ಡ್ರೈವರಿನ ಮುಂದಿನ ಗಾಜಿನ ಮೇಲೆ ಸೊಗಸಾಗಿ ಮೂಡಿತ್ತು. ಕಳ್ಳ ಸಿಕ್ಕಿಬಿದ್ದ! ಈಗ ಗಾಜಿಗೆ ನೀರಿನಲ್ಲಿ ಕರಗುವ ಬಿಳಿ ಅಂಟು ಮಾತ್ರ. ಒಣಗಿದರೆ ಕಾಣುವುದೇ ಇಲ್ಲ, ತಪ್ಪಾದರೆ ಕಿತ್ತು ಮತ್ತೆ ಹಾಕಬಹುದು.

ದೀಪಕ್ಕೆ ಹಳೇ ಬಲ್ಬ್ ತೆಗೆದು ಎಲ್‌ಇಡಿ ಹಾಕಿದೆ. 12 ವೋಲ್ಟಿಗೆ 1000 ಓಮಿನ ರೆಸಿಸ್ಟರ್ ಜೊತೆಗೆ. ಸಾಮಾನ್ಯ ಡಿಸಿ ಹಳಿಯಲ್ಲಿ ಇಂಜಿನ್ ಹಿಂದಕ್ಕೆ ಹೊರಟಾಗ ವೋಲ್ಟೇಜ್ ಉಲ್ಟಾ ಆಗುತ್ತದೆ, ಎಲ್‌ಇಡಿಗೆ ಅದು ಆಗಿಬರುವುದಿಲ್ಲ, ಹಾಗಾಗಿ ಒಂದು ಪುಟ್ಟ ಡಯೋಡ್ ಕೂಡ. ದೀಪ ಹತ್ತಿಸಿದರೆ ಇಡೀ ಮೂತಿ ಲಾಂದ್ರದ ಹಾಗೆ ಕೆಂಪಗೆ ಬೆಳಗಿತು, ಪ್ಲಾಸ್ಟಿಕ್ ಅಷ್ಟು ತೆಳು. ಒಳಗಡೆ ಕಪ್ಪು ಬಣ್ಣ ಬಳಿದ ಮೇಲೆ ಬೆಳಕು ದೀಪದ ಜಾಗದಲ್ಲಿ ಮಾತ್ರ ಉಳಿಯಿತು. ಡಿಸಿಸಿ, ಅಂದರೆ ಹಳಿಯ ಮೂಲಕವೇ ಒಂದೊಂದು ಇಂಜಿನ್‌ಗೂ ಬೇರೆಬೇರೆ ಡಿಜಿಟಲ್ ಆದೇಶ ಕಳಿಸುವ ವ್ಯವಸ್ಥೆ, ಹಾಕುವವರಿಗೆ ಒಂದೇ ಮಾತು. ಹಳೆಯ ಇಂಜಿನ್‌ಗಳಲ್ಲಿ ಮೋಟಾರಿನ ಒಂದು ಬ್ರಷ್ ನೇರವಾಗಿ ಲೋಹದ ಚೌಕಟ್ಟಿಗೆ ತಾಗಿರುತ್ತದೆ, ಅದನ್ನು ಬೇರ್ಪಡಿಸದೆ ಆ ಆದೇಶ ಓದುವ ಡಿಕೋಡರ್ ಹಾಕಿದರೆ ಡಿಕೋಡರ್ ಸುಟ್ಟುಹೋಗುತ್ತದೆ.

ಎಲ್ಲವನ್ನೂ ತಿದ್ದಬೇಕು ಅನ್ನುವ ಹುಚ್ಚು ನನಗೂ ಹಿಡಿದಿತ್ತು. ಬೋಗಿಯ ಬ್ರೇಕ್ ಪೈಪುಗಳು, ಮರಳು ಸುರಿಸುವ ಕೊಳವೆಗಳು, ಕೆಳಗಿನ ವೈರುಗಳು. ಒಂದು ಸಂಜೆ ಪೂರ್ತಿ ಕೂತು ಬೋಗಿಯ ಒಂದು ಬದಿಗೆ ಪೈಪು ಹಾಕಿದೆ. ಆಮೇಲೆ ಹಳಿಯ ಮೇಲಿಟ್ಟು ಮೂರಡಿ ದೂರ ನಿಂತು ನೋಡಿದೆ. ಏನೂ ಕಾಣಲಿಲ್ಲ. ಬೋಗಿ ಕಪ್ಪು, ಪೈಪೂ ಕಪ್ಪು, ಮೇಲಿನಿಂದ ನೆರಳು ಬೇರೆ. ಇನ್ನೊಂದು ಬದಿಗೆ ಹಾಕಲೇ ಇಲ್ಲ. ಮಾಡೆಲ್ ರೈಲನ್ನು ನಾವು ಯಾವಾಗಲೂ ಮೇಲಿನಿಂದ, ಸ್ವಲ್ಪ ಓರೆಯಾಗಿ ನೋಡುತ್ತೇವೆ. ಕಣ್ಣು ಮೊದಲು ಹೋಗುವುದು ಚಾವಣಿಗೆ, ಮೂತಿಗೆ, ಕೈಗಂಬಿಗೆ. ಅಷ್ಟಕ್ಕೆ ಶ್ರಮ ಹಾಕಿದರೆ ಸಾಕು. ಫ್ಯಾನುಗಳ ಜಾಲರಿಗೆ ತೀರಾ ನೀರು ಮಾಡಿದ ಕಪ್ಪು ಬಣ್ಣ ಬಿಟ್ಟೆ. ಸಂದುಗಳಿಗೆ ಇಳಿದು, ಮೇಲಿನ ಗೆರೆಗಳು ಹಾಗೇ ಉಳಿದು, ಐದು ನಿಮಿಷದಲ್ಲಿ ಆಳ ಬಂತು. ಆ ಒಂದು ಸಂಜೆಯ ಪೈಪಿಗಿಂತ ಈ ಐದು ನಿಮಿಷದ ಕೆಲಸವೇ ಚೆನ್ನಾಗಿ ಕಾಣುತ್ತದೆ. ಸಿಟ್ಟು ಬರುತ್ತದೆ, ಏನು ಮಾಡುವುದು.

ಬಣ್ಣದ ಬಗ್ಗೆ ಉದ್ದ ಬರೆಯುವುದಿಲ್ಲ. ಬೂದು ಪ್ರೈಮರ್, ಮೇಲೆ ಬಣ್ಣ, ಅಕ್ಷರದ ಡೆಕಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಅಚ್ಚುಹಾಳೆ) ಹಾಕುವ ಜಾಗಕ್ಕೆ ಮೊದಲು ಹೊಳಪು ವಾರ್ನಿಷ್. ಒರಟು ಮೈ ಮೇಲೆ ಡೆಕಲ್ ಹಾಕಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಬೆಳ್ಳಿಯ ಹಾಗೆ ಹೊಳೆಯುತ್ತದೆ. ಕೊನೆಗೆ ಎಲ್ಲದರ ಮೇಲೂ ಮ್ಯಾಟ್ ವಾರ್ನಿಷ್. ಕೊಳೆ ಮಾಡುವುದು ಇದರ ನಂತರ, ನನಗೆ ಬಹಳ ಇಷ್ಟದ ಕೆಲಸ ಅದು. ಹೊಗೆ ಕೊಳವೆಗಳ ಹಿಂದೆಮುಂದೆ ಮಸಿ. ಡೀಸೆಲ್ ತುಂಬುವ ಬಾಯಿಯ ಕೆಳಗೆ ಟ್ಯಾಂಕಿನ ಮೇಲೆ ಇಳಿದ ಕಪ್ಪು ಕಲೆ, ಅಲ್ಲಿ ಮಾತ್ರ ಸ್ವಲ್ಪ ಹೊಳಪು ಇರಬೇಕು, ಎಣ್ಣೆಯಲ್ವಾ. ಬೋಗಿಗೆ ಬ್ರೇಕಿನ ಕಂದು ಧೂಳು. ಬಣ್ಣದ ಸೀಮೆಸುಣ್ಣ ತುರಿದು ಪುಡಿ ಮಾಡಿ ಬ್ರಷ್‌ನಲ್ಲಿ ಹಚ್ಚಿದರೂ ಆಗುತ್ತದೆ. ಮೇಲೆ ಮತ್ತೆ ವಾರ್ನಿಷ್ ಹೊಡೆದರೆ ಅರ್ಧಕ್ಕರ್ಧ ಪುಡಿ ಮಾಯವಾಗುತ್ತದೆ, ಹಾಗಾಗಿ ಸ್ವಲ್ಪ ಜಾಸ್ತಿಯೇ ಹಚ್ಚಬೇಕು. ಒಂದು ಸಲ ಮ್ಯಾಟ್ ವಾರ್ನಿಷ್ ಮೇಲೆ ಆಲ್ಕೋಹಾಲ್ ಬೆರೆಸಿದ ಕಪ್ಪು ಶಾಯಿ ಬಿಟ್ಟು, ಇಡೀ ಇಂಜಿನ್ ಬೂದಿ ಬಳಿದ ಹಾಗೆ ಬೆಳ್ಳಗಾಗಿ, ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಿಗ್ಗೆ ಇನ್ನೊಂದು ಕೋಟ್ ವಾರ್ನಿಷ್ ಹೊಡೆದಾಗ ಬಿಳುಪು ಹೋಯಿತು.

ಎಲ್ಲ ಮುಗಿಯಿತು ಅಂದುಕೊಂಡು ಹಳಿಯ ಮೇಲಿಟ್ಟು ಫೋಟೋ ತೆಗೆದೆ. ಹೋಲಿಸಿ ನೋಡೋಣ ಅಂತ, ನಾನು ಮೈ ಮೇಲೆ ಹಾಕಿದ್ದ ಅದೇ ನಂಬರಿನ ನಿಜವಾದ ಇಂಜಿನ್‌ನ ಫೋಟೋ ಹುಡುಕಿದೆ. ಸಿಕ್ಕಿತು. ಹಿಂದೆ ಎರಡು ಫ್ಯಾನ್, ಎರಡು ಹೊಗೆ ಕೊಳವೆ, ಎಲ್ಲ ಸರಿ. ನಡುವೆ ಮಾತ್ರ ಚಾವಣಿ ಸಪಾಟು. ಉಬ್ಬಿಲ್ಲ, ಜಾಲರಿಯಿಲ್ಲ, ಫ್ಯಾನಿಲ್ಲ. ಡೈನಾಮಿಕ್ ಬ್ರೇಕು ಬೇಕಾದವರು ಮಾತ್ರ ಹಾಕಿಸಿಕೊಳ್ಳುವ ಸೌಲಭ್ಯ. ಸಮತಟ್ಟು ಜಾಗದಲ್ಲಿ ಓಡಿಸುವವರು ಅದನ್ನು ಬೇಡ ಅಂದು ಬಿಡುತ್ತಿದ್ದರು. ನಾನು ನಂಬರ್ ಆರಿಸಿದ್ದು ಆ ಅಂಕಿಗಳ ಡೆಕಲ್ ಕೈಯಲ್ಲಿದ್ದವು ಅನ್ನುವ ಒಂದೇ ಕಾರಣಕ್ಕೆ.

ನಂಬರ್ ಬದಲಿಸಿದರೆ ಹತ್ತು ನಿಮಿಷದ ಕೆಲಸ. ಎರಡು ದಿನ ಅದನ್ನೇ ಯೋಚಿಸಿದೆ. ದುಬಾರಿ ಇಂಜಿನ್ ಆಗಿದ್ದರೆ ಖಂಡಿತ ನಂಬರನ್ನೇ ಬದಲಿಸುತ್ತಿದ್ದೆ. ಆದರೆ ಇದರ ಮೈ ಮೇಲೆ ನನ್ನ ಬ್ಲೇಡು ಓಡಾಡದ ಜಾಗವೇ ಕಮ್ಮಿ, ಇನ್ನೊಂದು ಸಲ ಓಡಾಡಿದರೆ ಏನಾಗುತ್ತದೆ ಅನ್ನಿಸಿತು. ಮೂರನೇ ದಿನ ಸಣ್ಣ ಗರಗಸದಿಂದ ಆ ಉಬ್ಬನ್ನು ಕೊಯ್ದು ತೆಗೆದೆ. ಹುಡ್ಡಿನ ನಡುವೆ ಹೆಬ್ಬೆರಳು ತೂರುವಷ್ಟು ದೊಡ್ಡ ಕಂಡಿ. ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಕೂರಿಸಿ, ಸಂದಿಗೆ ಪುಟ್ಟಿ ತುಂಬಿ, ನೀರು ಹಾಕಿ ಉಜ್ಜಿ, ಬಣ್ಣ ಬಳಿದು, ಮತ್ತೆ ಮಸಿ ಹಚ್ಚಿದೆ. ಮೂರು ಸಲ ಪುಟ್ಟಿ ತುಂಬಿದರೂ ಪಕ್ಕದಿಂದ ಬೆಳಕು ಬಿದ್ದಾಗ ಒಂದು ತೆಳ್ಳನೆ ಗೆರೆ ಕಾಣುತ್ತಿತ್ತು. ನಾಲ್ಕನೇ ಸಲ ಪುಟ್ಟಿ ಡಬ್ಬಿ ಕೈಗೆ ತಗೊಂಡವನು, ಯಾಕೋ ಇನ್ನೊಂದು ಸಲ ಫೋಟೋ ದೊಡ್ಡದು ಮಾಡಿ ನೋಡಿದೆ. ಹುಡ್ಡಿನ ಆ ಭಾಗ ನಿಜವಾದ ಇಂಜಿನ್‌ನಲ್ಲೂ ಬೋಲ್ಟ್ ಹಾಕಿ ಕೂರಿಸಿದ, ಎತ್ತಿ ತೆಗೆಯಬಹುದಾದ ತಗಡಿನ ಮುಚ್ಚಳ. ಸುತ್ತಲೂ ಒಂದು ತೆಳ್ಳನೆ ಗೆರೆ ಇದ್ದೇ ಇದೆ.

ಪುಟ್ಟಿ ಡಬ್ಬಿ ಮುಚ್ಚಿಟ್ಟೆ. ಯಾರಾದರೂ ಕೇಳಿದರೆ ಬೇಕೆಂದೇ ಬಿಟ್ಟಿದ್ದು ಅಂತ ಹೇಳುತ್ತೇನೆ.